ಅರ್ಧ ಹೇಳಿದ ಮಾತು

ಕಂಬದ ಮೇಲಿರುವ ಮನುಷ್ಯನನ್ನು ಕೆಳಗಿನಿಂದ ಕೂಗಬಾರದು. ನಮ್ಮ ಲೈನ್‌ಮನ್ ಅಂಕಲ್ ನಮಗೆ ಕಲಿಸಿದ ಮೊದಲ ಪಾಠ ಇದು. ಸಂಡೇ ಸ್ಕೂಲು ಮುಗಿಸಿ ಯೌವನಸ್ಥರ ಕೂಟಕ್ಕೆ ಮೊದಲ ಸಲ ಬಂದಿದ್ದ ನಾವೆಲ್ಲ, ಪ್ರಾರ್ಥನೆಯ ಬಗ್ಗೆಯೋ ಉಪವಾಸದ ಬಗ್ಗೆಯೋ ಹೇಳುತ್ತಾರೆ ಅಂತ ಕೈಕಟ್ಟಿ ಕೂತಿದ್ದೆವು. ಅವರು ಹೇಳಿದ್ದು ಇಷ್ಟು: "ಕೂಗಿದ್ರೆ ಅವನು ತಿರುಗಿ ನೋಡ್ತಾನೆ. ತಿರುಗಿದಾಗ ಕೈ ಎಲ್ಲಿಗೆ ಹೋಯ್ತು ಅಂತ ಅವನಿಗೇ ಗೊತ್ತಾಗಲ್ಲ. ನಿಮ್ಮ ವಯಸ್ಸೂ ಅಂಥದ್ದೇ ಕಣ್ರೋ. ಮೇಲೆ ಹತ್ತಿದೀರ. ಸುತ್ತಲಿಂದ ಕೂಗೋ ಜನ ಬೇಕಾದಷ್ಟಿದಾರೆ."

ಹೋದ ತಿಂಗಳು ಅವರು ತೀರಿಕೊಂಡರು. ಬೆಳಿಗ್ಗೆ ಹಾಲು ತಂದಿಟ್ಟು, ಎದೆ ಹಿಡಿದುಕೊಂಡಂಗಾಗ್ತಿದೆ ಅಂತ ಆಂಟಿಗೆ ಹೇಳಿ ಜಗಲಿಯ ಮೇಲೆ ಕೂತವರು ಏಳಲಿಲ್ಲವಂತೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕ್ರಿಸ್ಮಸ್ ಕರಪತ್ರದಲ್ಲಿ ಹೆಸರು ಹಾಕಿದ್ದಕ್ಕೇ ಒಂದು ವರ್ಷ ನಮ್ಮೊಡನೆ ಮುನಿಸಿಕೊಂಡಿದ್ದ ಮನುಷ್ಯ ಅವರು.

ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಕೆಲಸ ಅಜ್ಜಂಪುರದಲ್ಲಿ, ಮನೆ ತರೀಕೆರೆಯಲ್ಲಿ, ನಮ್ಮ ಚರ್ಚಿನ ಹಿಂದಿನ ಬೀದಿ. ನಮ್ಮದು ಇಪ್ಪತ್ತೈದು ಮೂವತ್ತು ಮನೆಗಳ ಸಣ್ಣ ಸಭೆ. ಭಾನುವಾರ ಸಂಜೆ ನಾಲ್ಕಕ್ಕೆ ಕಡೂರು, ಬೀರೂರು, ಅಜ್ಜಂಪುರದ ಹುಡುಗ ಹುಡುಗಿಯರೂ ಬಸ್ಸು ಹಿಡಿದು ಬಂದು ಸೇರುತ್ತಿದ್ದೆವು. ಅಂಕಲ್ ಎತ್ತರದ ಆಳು, ಬಡಕಲು. ಚರ್ಚಿಗೆ ಬರುವಾಗಲೂ ಹಿಂದಿನ ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇರುತ್ತಿತ್ತು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಯಾವುದೋ ಊರಿನಲ್ಲಿ ಕಂಬದಿಂದ ಬಿದ್ದಿದ್ದರಂತೆ. "ಯಾರ ತಪ್ಪು ಅಂಕಲ್?" ಅಂತ ನಾವು ಕೇಳಿದರೆ, "ನಂದೇ. ಲೈನ್ ಬಂದ್ ಆಗಿದೆಯಾ ಅಂತ ಕೇಳಿ ಖಾತ್ರಿ ಮಾಡ್ಕೊಂಡು ಹತ್ತಬೇಕಿತ್ತು. ಆಗಿರುತ್ತೆ ಅಂದ್ಕೊಂಡು ಹತ್ತಿದೆ" ಅನ್ನುತ್ತಿದ್ದರು. ಅಷ್ಟೇ. ಆ ಕತೆಗೆ ಉಪ್ಪು ಖಾರ ಹಚ್ಚುತ್ತಿರಲಿಲ್ಲ.

ಕೂಟ ಶುರುವಾಗುವುದೇ ಒಂದು ಪ್ರಶ್ನೆಯಿಂದ. "ಈ ವಾರ ಎಲ್ಲೆಲ್ಲಿ ಜಾರಿದ್ರಿ?" ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಗ ತಾವೇ ಮೊದಲು ಹೇಳುತ್ತಿದ್ದರು. "ಮಂಗಳವಾರ ಒಬ್ಬ ರೈತರು ಮೋಟರ್ ಸುಟ್ಟೋಯ್ತು ಅಂತ ನಾಲ್ಕು ಸಲ ಫೋನ್ ಮಾಡಿದ್ರು. ಐದನೇ ಸಲಕ್ಕೆ ರೇಗ್ಬಿಟ್ಟೆ. ಅವರ ಮೋಟರ್ ಸುಟ್ಟಿರೋದು, ನಂದಲ್ವಲ್ಲ. ಬುಧವಾರ ಹೋಗಿ ತಪ್ಪಾಯ್ತು ಅಂದು ಬಂದೆ." ಐವತ್ತು ದಾಟಿದ ಮನುಷ್ಯ ಹದಿನೆಂಟರ ಹುಡುಗರ ಎದುರು ಹೀಗೆ ಹೇಳಿದ ಮೇಲೆ ನಮಗೆ ಮುಚ್ಚಿಡುವುದು ಕಷ್ಟವಾಗುತ್ತಿತ್ತು. ಒಂದು ಸಲ ಒಬ್ಬ ಹುಡುಗ ಅಳುತ್ತಾ ಹೇಳಿದ. ರೂಮಿನ ಸ್ನೇಹಿತರು ಆಡಿಕೊಳ್ಳುತ್ತಾರೆ ಅಂತ ಹೆದರಿ, ಭಾನುವಾರ ಚರ್ಚಿಗೆ ಬರುವಾಗ ಕ್ರಿಕೆಟ್ಟಿಗೆ ಹೋಗುತ್ತೇನೆ ಅಂತ ಬ್ಯಾಟು ಹಿಡಿದುಕೊಂಡು ಬರುತ್ತಾನಂತೆ. ನಮಗೆ ನಗು ಬಂತು. ಅಂಕಲ್ ನಗಲಿಲ್ಲ. "ನೋಡಪ್ಪಾ, ಹೇಳ್ಕೊಂಡು ತಿರುಗ್ಬೇಡ. ಕೇಳಿದ್ರೆ ಮುಚ್ಚಿಡ್ಬೇಡ. ಇಷ್ಟೇ. ಬ್ಯಾಟು ಮಾತ್ರ ಮುಂದಿನ ವಾರ ಮನೇಲಿಟ್ಟು ಬಾ" ಅಂದರು.

ತಾವೂ ಹಾಗೆಯೇ ಇದ್ದರು. ಆಯುಧ ಪೂಜೆಯ ಹಿಂದಿನ ದಿನ ಸೆಕ್ಷನ್ ಆಫೀಸಿನ ಏಣಿ, ಹಗ್ಗ, ಜೀಪು ಎಲ್ಲವನ್ನೂ ತೊಳೆದು ಒರೆಸುವುದು ಅವರೇ. ಮಂಗಳಾರತಿಯ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತಿದ್ದರು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಜೀಪಿನ ಡ್ರೈವರ್ ರುದ್ರಣ್ಣ, ಹಣೆ ತುಂಬ ವಿಭೂತಿ ಹಚ್ಚಿಕೊಳ್ಳುವ ಮನುಷ್ಯ, ಪೂಜೆ ಮುಗಿಯುತ್ತಿದ್ದಂತೆ "ಬನ್ನಿ ಫಾದರ್, ಮುಗೀತು" ಅಂತ ತಮಾಷೆ ಮಾಡುತ್ತಾ ತಾನೇ ಹೋಗಿ ಕರೆದುಕೊಂಡು ಬರುತ್ತಿದ್ದನಂತೆ.

ಇನ್ನು ನಡೆದದ್ದನ್ನು ಹೇಳಬೇಕು. ಇದನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅದು ಬರೀ ಹೊಗಳಿಕೆಯಾಗುತ್ತದೆ.

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಕೂಟಕ್ಕೆ ಸೆಕ್ರೆಟರಿ ಬೇರೆ. ಅಂಕಲ್ ನನ್ನನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ, "ಏನಮ್ಮಾ ಸೆಕ್ರೆಟರಿ" ಅಂತಲೇ. ನನಗಿಂತ ಒಂದು ವರ್ಷ ಚಿಕ್ಕವಳು ಕೃಪಾ, ಅಜ್ಜಂಪುರದವಳು. ತಂದೆ ಇಲ್ಲ. ತಾಯಿ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರು. ಕೃಪಾಗೆ ಹತ್ತನೇ ವಯಸ್ಸಿನಿಂದಲೇ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮನೆಯಲ್ಲಿ ಫ್ರಿಜ್ ಇಲ್ಲ, ಮರಳು ತುಂಬಿದ ಒದ್ದೆ ಮಡಕೆಯಲ್ಲಿ ಆ ಪುಟ್ಟ ಸೀಸೆ ಇಟ್ಟುಕೊಂಡಿದ್ದರು. ಕೂಟದಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಡುವವಳು, ಪ್ರಾರ್ಥನೆಗೆ ಮೊದಲು ಮೊಣಕಾಲೂರುವವಳು ಅವಳೇ. ನನಗೆ ಅವಳನ್ನು ಕಂಡರೆ ಪ್ರೀತಿಯೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಆ ವರ್ಷ ಪರೀಕ್ಷೆ, ಕೆಲಸ, ಮದುವೆ ಅಂತ ಕೂಟದ ಹುಡುಗರು ಒಬ್ಬೊಬ್ಬರೇ ಸಡಿಲವಾಗುತ್ತಿದ್ದರು. ಅಂಕಲ್‌ಗೆ ಅದು ಕೊರೆಯುತ್ತಿತ್ತು. ಒಂದು ಭಾನುವಾರ ಎಂದಿಲ್ಲದ ಬಿರುಸಿನಿಂದ ಮಾತಾಡಿದರು. "ಕಂಬ ಹತ್ತೋನು ಅರ್ಧಕ್ಕೆ ನಿಂತು ಕೆಳಗೆ ನೋಡಿದ್ರೆ ಕಾಲು ನಡುಗುತ್ತೆ. ಹತ್ತಿದೀರ ಅಂದ್ಮೇಲೆ ಅರ್ಧಕ್ಕೆ ಇಳೀಬೇಡಿ. ಯಾರು ಏನೇ ಅನ್ಲಿ, ಇಳೀಬೇಡಿ." ಕೃಪಾ ನನ್ನ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಮುಂದಿನ ವಾರ ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮೂರು ದಿನದ ಯೌವನಸ್ಥರ ಶಿಬಿರ. ದೂರದ ಊರಿಂದ ಬಂದಿದ್ದ ಬೋಧಕರು ಇನ್ನೂ ಚಿಕ್ಕ ವಯಸ್ಸಿನವರು. ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುತ್ತಿದ್ದರು. ಕೊನೆಯ ದಿನ, ಭಾನುವಾರ ಬೆಳಿಗ್ಗೆ, ಹೇಳಿದರು: "ಒಂದು ಕೈಯಲ್ಲಿ ಪ್ರಾರ್ಥನೆ, ಇನ್ನೊಂದು ಕೈಯಲ್ಲಿ ಮಾತ್ರೆ ಹಿಡಿದವರು ಎರಡು ದೋಣಿಯಲ್ಲಿ ಕಾಲಿಟ್ಟವರು. ಇವತ್ತು ಯಾರು ಒಂದು ದೋಣಿಯಿಂದ ಕಾಲು ತೆಗೀತೀರಿ?" ಏಳೆಂಟು ಕೈಗಳು ಮೇಲೆದ್ದವು. ಅದರಲ್ಲಿ ಕೃಪಾಳದೂ ಒಂದು. ಅಂಕಲ್ ಅವತ್ತು ಡ್ಯೂಟಿಯಲ್ಲಿದ್ದರು, ಶಿಬಿರಕ್ಕೆ ಬಂದಿರಲಿಲ್ಲ.

ಸಂಜೆ ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಅಜ್ಜಂಪುರದ ಬಸ್ಸಿಗೆ, ನಾನು ತರೀಕೆರೆಯ ಬಸ್ಸಿಗೆ ಕಾಯುತ್ತಿದ್ದೆವು. ಅವಳು ನನ್ನ ಕೈ ಹಿಡಿದುಕೊಂಡು, "ಬೆಳಿಗ್ಗೆಯಿಂದ ಇಂಜೆಕ್ಷನ್ ತಗೊಂಡಿಲ್ಲ ಕಣೇ. ಇನ್ಮೇಲೆ ತಗೊಳಲ್ಲ" ಅಂದಳು.

"ಏನಾದ್ರೂ ಆದ್ರೆ?"

"ಈ ಮಾತೇ ಆಡ್ಬಾರ್ದು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡು. ಅಂಕಲ್‌ಗೂ ಹೇಳ್ಬೇಡ. ಒಬ್ರು ಸಂಶಯಪಟ್ರೂ ನಂಗೆ ಅಡ್ಡ ಆಗುತ್ತೆ."

ನಾನು ಆಣೆ ಮಾಡಿದೆ. ಭಯದಿಂದ ಮಾತ್ರ ಅಲ್ಲ. ಅವಳಷ್ಟು ವಿಶ್ವಾಸ ನನಗಿಲ್ಲವಲ್ಲ ಅನ್ನುವ ನಾಚಿಕೆಯಿಂದ.

ಸೋಮವಾರ ಫೋನಿನಲ್ಲಿ ಅವಳ ದನಿ ಹಗುರವಾಗಿತ್ತು. ಬಾಯಾರಿಕೆ ಜಾಸ್ತಿ, ಅಷ್ಟೇ ಅಂದಳು. ಉಪವಾಸವನ್ನೂ ಹಿಡಿದಿದ್ದಳು. ಮಂಗಳವಾರ ಎರಡು ಸಲ ವಾಂತಿಯಾಯಿತಂತೆ. "ಇದು ಶೋಧನೆ ಕಣೇ, ನನ್ನ ವಿಶ್ವಾಸಕ್ಕೆ ಪರೀಕ್ಷೆ. ದಾಟ್ತೀನಿ" ಅಂದಳು. ಬುಧವಾರ ಬೆಳಿಗ್ಗೆ ಫೋನ್ ಎತ್ತಲಿಲ್ಲ. ನಾನು ಕಾಲೇಜಿಗೆ ಅಂತ ಹೊರಟವಳು ಅಜ್ಜಂಪುರದ ಬಸ್ಸು ಹತ್ತಿದೆ.

ತಾಯಿ ನಸುಕಿಗೇ ಹಾಸ್ಟೆಲಿಗೆ ಹೋಗಿಬಿಟ್ಟಿದ್ದರು. ಬಾಗಿಲು ತಳ್ಳಿದರೆ ಕೃಪಾ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಮೂರು ದಿನಕ್ಕೆ ಮುಖ ಇಳಿದುಹೋಗಿತ್ತು. ತುಟಿ ಬಿರಿದಿತ್ತು. ಕೂತಲ್ಲೇ ಕೂತಿದ್ದರೂ ಉಸಿರು ಮಾತ್ರ ಬೆಟ್ಟ ಹತ್ತಿ ಬಂದವಳ ಹಾಗೆ. ಕೋಣೆಯಲ್ಲೆಲ್ಲ ಕೊಳೆತ ಹಣ್ಣಿನಂಥ ವಾಸನೆ. ಅದು ಅವಳ ಬಾಯಿಂದ ಬರುತ್ತಿದೆ ಅಂತ ಹತ್ತಿರ ಹೋದಾಗಲೇ ಗೊತ್ತಾದದ್ದು.

"ಅಮ್ಮನಿಗೆ ಗೊತ್ತಾ?" ಅಂದೆ.

ಅವಳು ಇಲ್ಲ ಅಂತ ತಲೆಯಾಡಿಸಿದಳು. ದಿನಾ ಬೆಳಿಗ್ಗೆ ಅಮ್ಮನ ಎದುರೇ ಸಿರಿಂಜಿಗೆ ಔಷಧಿ ಎಳೆದುಕೊಂಡು, ಮರೆಗೆ ಹೋಗಿ ಬಚ್ಚಲಿಗೆ ಬಿಟ್ಟು ಬರುತ್ತಿದ್ದಳು. ಹೊಟ್ಟೆ ಕೆಟ್ಟಿದೆ ಅಂತ ಹೇಳಿ ಮಲಗುತ್ತಿದ್ದಳು.

ನಾನು ನೀರು ತರುತ್ತೇನೆ ಅಂತ ಸುಳ್ಳು ಹೇಳಿ ಹೊರಗೆ ಬಂದೆ. ಕರೆಂಟ್ ಆಫೀಸಿಗೆ ಓಡಿದೆ. ಅಂಕಲ್ ಬುಕ್ಕಾಂಬುಧಿ ರಸ್ತೆಯಲ್ಲಿ ಲೈನ್ ಕೆಲಸಕ್ಕೆ ಹೋಗಿದ್ದಾರೆ ಅಂದರು. ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು. ಆಟೋ ಮಾಡಿಕೊಂಡು ಹೋದೆ. ದೂರದಿಂದಲೇ ಕಂಡರು, ಕಂಬದ ತುದಿಯಲ್ಲಿ ಬೆಲ್ಟು ಕಟ್ಟಿಕೊಂಡು, ಎರಡೂ ಕೈ ತಂತಿಯ ಮೇಲೆ.

ಕೂಗಬಾರದು. ಅದೊಂದು ಗೊತ್ತಿತ್ತು ನನಗೆ.

ಕೆಳಗೆ ನಿಂತೆ. ಅವರ ಫೋನು ಕಂಬದ ಬುಡದಲ್ಲಿ ಚೀಲದೊಳಗೆ ಇತ್ತು. ಜೀಪಿನ ಪಕ್ಕದಲ್ಲಿದ್ದ ರುದ್ರಣ್ಣ "ಏನಮ್ಮಾ, ಏನಾಯ್ತು?" ಅಂದರೆ ಮೇಲೆ ಅಂಕಲ್ ಕಡೆ ಕೈ ತೋರಿಸಿದೆ. ಆಣೆ ನೆನಪಾಗುತ್ತಿತ್ತು. ನಾನು ಬಾಯಿ ಬಿಟ್ಟರೆ ಅವಳ ವಿಶ್ವಾಸ ಮುರಿದವಳು ನಾನಾಗುತ್ತೇನೆ. ಬಿಡದಿದ್ದರೆ? ಮೇಲೆ ಅಂಕಲ್ ಒಂದು ತಂತಿ ಬಿಗಿದರು, ಇನ್ನೊಂದನ್ನು ಹಿಡಿದರು. ಹತ್ತು ನಿಮಿಷವೋ ಹದಿನೈದೋ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಹೊತ್ತು ಮತ್ತೊಂದಿಲ್ಲ. ಅವರು ಇಳಿದು ನೆಲಕ್ಕೆ ಕಾಲಿಟ್ಟು ನನ್ನ ಮುಖ ನೋಡಿದರು.

"ಯಾರಿಗೇನಾಯ್ತು ಸೆಕ್ರೆಟರಿ?"

"ಕೃಪಾ ಇನ್ಸುಲಿನ್ ಬಿಟ್ಟಿದಾಳೆ ಅಂಕಲ್. ಭಾನುವಾರದಿಂದ. ನಂಗೆ ಗೊತ್ತಿತ್ತು."

ಅವರು ಬೆಲ್ಟು ಬಿಚ್ಚಲಿಲ್ಲ. ಹಾಗೇ ಜೀಪು ಹತ್ತಿದರು. ಉಳಿದದ್ದೆಲ್ಲ ನಾನು ದಾರಿಯಲ್ಲಿ ಹೇಳಿದೆ.

ಮನೆಯೊಳಗೆ ಹೋಗಿ ಅವಳ ಎದುರು ನೆಲದ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಅದರಾಚೆ ಅವಳ ಮುಖ.

"ಇವಳು ಹೇಳ್ಬಿಟ್ಲಾ" ಅಂದಳು ಕೃಪಾ. ಮಾತು ತೊದಲುತ್ತಿತ್ತು.

"ಹೇಳಿದ್ಲು. ಏಳಮ್ಮ, ಆಸ್ಪತ್ರೆಗೆ ಹೋಗಾಣ. ಜೀಪು ಬಾಗಿಲಲ್ಲೇ ಇದೆ."

"ಬರಲ್ಲ ಅಂಕಲ್. ಇವತ್ತೊಂದು ದಿನ ದಾಟಿದ್ರೆ ಆಯ್ತು. ಅರ್ಧಕ್ಕೆ ಇಳೀಬೇಡಿ ಅಂದಿದ್ದು ನೀವೇ ಅಲ್ವಾ?"

ಅಂಕಲ್ ಬೆನ್ನು ಸಣ್ಣಗಾದ ಹಾಗೆ ನನಗೆ ಕಂಡಿತು.

"ನಾನೇ ಅಂದಿದ್ದು" ಅಂದರು ಆಮೇಲೆ. "ಅರ್ಧ ಹೇಳ್ದೆ ಕಣಮ್ಮ. ಕಂಬ ಹತ್ತೋಕೆ ಮುಂಚೆ ನಾನು ಪ್ರಾರ್ಥನೆ ಮಾಡ್ತೀನಿ. ಮಾಡಿ, ಲೈನ್ ಬಂದ್ ಮಾಡಿಸ್ತೀನಿ. ಗ್ಲೌಸ್ ಹಾಕ್ತೀನಿ, ಬೆಲ್ಟು ಕಟ್ತೀನಿ. ಆಮೇಲೆ ಹತ್ತೋದು. ಇದನ್ನ ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ನನ್ನ ತಪ್ಪನ್ನ ನೀನು ಮೈಮೇಲೆ ಹೊರ್ಬೇಡ."

"ಈಗ ಭಯಕ್ಕೆ ಹೀಗಂತಿದೀರ."

"ಹೌದು, ಭಯಕ್ಕೇ. ತುಂಬ ಭಯ ಆಗಿದೆ ನಂಗೆ."

"ನಿಮ್ಮದು ಅಲ್ಪವಿಶ್ವಾಸ ಅಂಕಲ್."

"ಇರ್ಲಿ. ಅಷ್ಟರಲ್ಲೇ ಇಷ್ಟು ವರ್ಷ ಕರ್ತನಾದ ದೇವರು ನನ್ನ ಇಟ್ಕೊಂಡಿದಾನೆ."

ಅವಳು ಕಣ್ಣು ಮುಚ್ಚಿದಳು. ಉಸಿರಿನ ಸದ್ದು ಮಾತ್ರ. ಹೊರಗೆ ರುದ್ರಣ್ಣ ಜೀಪಿನ ಇಂಜಿನ್ ಆಫ್ ಮಾಡಿರಲಿಲ್ಲ. ಎತ್ತಿಕೊಂಡು ಹೋಗಿಬಿಡಬಾರದೇ ಇವರು ಅಂತ ನನ್ನ ಮನಸ್ಸು ಚೀರುತ್ತಿತ್ತು. ಅಂಕಲ್ ಮುಂದಕ್ಕೆ ಬಾಗಿದರು.

"ಒಂದು ಕೇಳ್ತೀನಿ. ದಿನಾ ಅಮ್ಮನ ಎದುರು ಸಿರಿಂಜು ತುಂಬಿ ಬಚ್ಚಲಿಗೆ ಬಿಟ್ಯಂತೆ. ನಿಮ್ಮಮ್ಮ ನೂರು ಮಕ್ಕಳಿಗೆ ಬೇಯ್ಸಿ ಹಾಕಿ, ಸುಸ್ತಾಗಿ ಬಂದು ನಿಂಗೆ ಊಟ ಆಯ್ತಾ ಅಂತ ಕೇಳ್ತಾಳೆ. ಅವಳ ಕಣ್ಣಿಗೆ ಮಣ್ಣೆರಚಿ ಉಳಿಸ್ಕೋಬೇಕಾದ ವಿಶ್ವಾಸ ಆ ಸ್ವಾಮಿಗೆ ಯಾಕಮ್ಮ ಬೇಕು?"

ಅವಳ ಕಣ್ಣಿಂದ ನೀರು ಬರಬೇಕಿತ್ತು. ಬರಲಿಲ್ಲ, ಮೈಯಲ್ಲಿ ನೀರೇ ಇರಲಿಲ್ಲವೇನೋ. ಎಷ್ಟೋ ಹೊತ್ತಾದ ಮೇಲೆ ತುಟಿ ಅಲುಗಿತು. "ಹೂಂ" ಅಂದಳು. ಏಳಲು ಹೋಗಿ ಹಾಗೇ ಪಕ್ಕಕ್ಕೆ ಬಿದ್ದಳು. ಅಂಕಲ್ ಎತ್ತಿಕೊಂಡು, ಕಾಲೆಳೆಯುತ್ತಲೇ ಓಡಿದರು. ರುದ್ರಣ್ಣ ದಾರಿಯುದ್ದಕ್ಕೂ ಶಿವಶಿವಾ ಅನ್ನುತ್ತಾ ಓಡಿಸಿದ. ಅಂಕಲ್ ತುಟಿಯೂ ಅಲುಗುತ್ತಿತ್ತು. ನನ್ನ ತುಟಿ ಮಾತ್ರ ಅಲುಗಲಿಲ್ಲ.

ಅಜ್ಜಂಪುರದ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರೆ ಮೆಷಿನ್ನಿನಲ್ಲಿ ಅಂಕಿಯೇ ಬರಲಿಲ್ಲ, ಅಳತೆ ಮೀರಿದೆ ಅಂತ ತೋರಿಸಿತು. ಡಾಕ್ಟರು ಡ್ರಿಪ್ ಹಾಕಿ, ಇನ್ನೂ ಅರ್ಧ ದಿನ ತಡವಾಗಿದ್ದರೆ ನನ್ನ ಹತ್ತಿರ ತರುವ ಅಗತ್ಯವೇ ಇರುತ್ತಿರಲಿಲ್ಲ ಅಂದರು. ಶಿವಮೊಗ್ಗಕ್ಕೆ ಕಳಿಸಲು ಆಂಬುಲೆನ್ಸ್ ಸಿದ್ಧವಾಗುತ್ತಿದ್ದಾಗ ಕೃಪಾಳ ತಾಯಿ ಓಡಿ ಬಂದರು. ಕೈಯಲ್ಲಿನ್ನೂ ಹಿಟ್ಟು ಮೆತ್ತಿತ್ತು. ಮಗಳನ್ನು ನೋಡಿದರು, ವಿಷಯ ಕೇಳಿದರು, ಅಂಕಲ್ ಕಡೆ ತಿರುಗಿದರು.

"ಎಂಟು ವರ್ಷದಿಂದ ಚುಚ್ಚಿ ಚುಚ್ಚಿ ಉಳಿಸ್ಕೊಂಡು ಬಂದಿದೀನಿ ಇವಳನ್ನ. ದೇವರ ಮಾತು ಕೇಳ್ಲಿ ಅಂತ ನಿಮ್ಮ ಕೂಟಕ್ಕೆ ಕಳಿಸಿದ್ದಕ್ಕೆ ಹೆಣ ಮಾಡಿ ಕೊಡ್ತೀರಾ? ಇವಳು ಬಿಟ್ಟಿದ್ದು ಅಲ್ಲಿರೋ ಒಬ್ರಿಗೂ ಗೊತ್ತಾಗ್ಲಿಲ್ವಾ?"

ಆಸ್ಪತ್ರೆಯ ಅಂಗಳದಲ್ಲಿ ಇಪ್ಪತ್ತು ಜನ ನೋಡುತ್ತಿದ್ದರು. ನಾನು ಕಂಬದ ಮರೆಗೆ ಸರಿದೆ. ಅಂಕಲ್ ಈಗ ನನ್ನ ಕಡೆ ಬೆರಳು ತೋರಿಸುತ್ತಾರೆ ಅಂತ ಕಾದೆ. ಕಡೂರಿನ ಶಿಬಿರದ ಹೆಸರನ್ನಾದರೂ ಎತ್ತುತ್ತಾರೆ ಅಂದುಕೊಂಡೆ. ಅವರು ಕೈಮುಗಿದು "ತಪ್ಪಾಯ್ತು ತಾಯಿ" ಅಂದರು. ಅಷ್ಟೇ.

ಕೃಪಾ ಮೂರನೇ ದಿನ ಕಣ್ಣು ಬಿಟ್ಟು ನೀರು ಕೇಳಿದಳು. ಅಲ್ಲಿಯವರೆಗೂ ಅಂಕಲ್ ಶಿವಮೊಗ್ಗದ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲೇ ಇದ್ದರು. ಆ ತಾಯಿ ಅವರನ್ನು ಒಳಗೆ ಬಿಡಲಿಲ್ಲ. ಅವರೂ ಕೇಳಲಿಲ್ಲ.

ಆ ಬೋಧಕರಿಗೆ ಅಂಕಲ್ ಫೋನ್ ಮಾಡಿದ್ದು ನನ್ನ ಎದುರಿಗೇ. ನಡೆದದ್ದನ್ನು ಸಮಾಧಾನವಾಗಿ ಹೇಳಿದರು. ಆ ಕಡೆಯಿಂದ ಏನೋ ಉತ್ತರ ಬಂತು. ಅಂಕಲ್ ಮುಖ ಕೆಂಪಾಯಿತು. "ಅವಳಲ್ಲಿ ಸಂಶಯ ಇತ್ತು ಅಂತೀರಾ? ಅವಳಲ್ಲಿ ಇರ್ಲಿಲ್ಲ ಸ್ವಾಮಿ, ಅದೇ ತೊಂದರೆಯಾಗಿದ್ದು. ನಿಮಗೋಸ್ಕರನೂ ಪ್ರಾರ್ಥನೆ ಮಾಡ್ತೀನಿ. ಆದ್ರೆ ನಮ್ಮ ಮಕ್ಕಳ ಎದುರು ಇನ್ನೊಂದ್ಸಲ ಈ ಮಾತಾಡಿದ್ರೆ ನಾನು ಸಭೆ ಮಧ್ಯದಲ್ಲೇ ಎದ್ದು ನಿಲ್ತೀನಿ" ಅಂದು ಫೋನ್ ಇಟ್ಟರು. ಆ ಏಳೆಂಟು ಕೈಗಳಲ್ಲಿ ಉಳಿದ ಒಬ್ಬೊಬ್ಬರ ಮನೆಗೂ ಅವತ್ತೇ ಹೋಗಿ, ಔಷಧಿ ಬಿಟ್ಟವರು ಇನ್ಯಾರಾದರೂ ಇದ್ದಾರೋ ಅಂತ ವಿಚಾರಿಸಿದರು. ಬೀರೂರಿನಲ್ಲಿ ಒಬ್ಬ ಹುಡುಗ ಫಿಟ್ಸಿನ ಮಾತ್ರೆ ಬಿಟ್ಟಿದ್ದ. ಅವನು ನುಂಗುವವರೆಗೂ ಎದುರಿಗೇ ಕೂತಿದ್ದರಂತೆ.

ಮುಂದಿನ ಭಾನುವಾರ ಕೂಟಕ್ಕೆ ಹನ್ನೊಂದು ಜನ ಬಂದಿದ್ದೆವು. ಸಭೆಯ ಹಿರಿಯರು ಇಬ್ಬರು ಹಿಂದೆ ಕೂತಿದ್ದರು. ಅಂಕಲ್ ನಿಂತುಕೊಂಡರು.

"ಈ ವಾರ ಜಾರಿದ್ದು ನಾನು. ಈ ವಾರ ಅಲ್ಲ, ಅದಕ್ಕೂ ಮುಂಚೆಯೇ. ನೀವು ಬಿಟ್ಟು ಹೋಗ್ತೀರೇನೋ ಅಂತ ಹೆದರಿ, ಬಿಗಿಯಾಗಿ ಹಿಡ್ಕೊಳ್ಳಿ ಅಂತ ಕೂಗಿದೆ. ಏನನ್ನ ಹಿಡ್ಕೋಬೇಕು ಅಂತ ಹೇಳ್ಲಿಲ್ಲ. ಒಬ್ಬಳು ಹುಡುಗಿ ಅದನ್ನ ನಂಬಿ ಸಾವಿನ ಬಾಗಿಲವರೆಗೂ ಹೋಗಿ ಬಂದ್ಲು. ನನ್ನ ಕ್ಷಮಿಸಿ."

ಹಿರಿಯರಲ್ಲಿ ಒಬ್ಬರು ತಡೆಯಲಾರದೆ, "ಹುಡುಗರ ಎದುರು ಹೀಗೆಲ್ಲ ಹೇಳಿದ್ರೆ ಅವರ ವಿಶ್ವಾಸದ ಗತಿ ಏನಪ್ಪಾ?" ಅಂದರು.

"ನಿಲ್ಲುತ್ತೆ ಅಣ್ಣಾ. ನಾನು ಮುಚ್ಚಿಟ್ರೆ ಬೀಳುತ್ತೆ."

ಚರ್ಚಿನ ಕಮಿಟಿ ಅವರನ್ನು ಕೂಟದ ಜವಾಬ್ದಾರಿಯಿಂದ ಬಿಡಿಸಿತು. ಬೇರೆಯವರು ನಡೆಸತೊಡಗಿದರು. ಅಂಕಲ್ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಹುಡುಗರ ಮಧ್ಯೆ ಕೂತು, ಕೇಳಿ, ಎದ್ದು ಹೋಗುತ್ತಿದ್ದರು. ಅವಮಾನ ಅಂತ ಅವರಿಗೆ ಅನಿಸಲಿಲ್ಲ ಅಂತಲ್ಲ. ಅನಿಸಿದರೂ ಬರುತ್ತಿದ್ದರು.

ನಾನು ಹೋಗುವುದನ್ನು ಬಿಟ್ಟೆ. ಚರ್ಚಿಗೂ, ಕೂಟಕ್ಕೂ. ಮನೆಯಲ್ಲಿ ಓದು ಅಂತ ನೆಪ ಹೇಳಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಏಳು ಭಾನುವಾರ ಹೀಗೆ ಕಳೆಯಿತು. ಏಳೂ ಭಾನುವಾರ ಬೆಳಿಗ್ಗೆ ಅಂಕಲ್ ಬೈಕು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ಒಂದೇ ಸಲ ಹಾರ್ನ್. ಎರಡು ನಿಮಿಷ ಕಾದು ಹೋಗಿಬಿಡುತ್ತಿದ್ದರು. ಒಳಗೆ ಬರಲಿಲ್ಲ, ನಮ್ಮಪ್ಪನಿಗೆ ಏನೂ ಹೇಳಲಿಲ್ಲ. ಎಂಟನೇ ಸಲ ನಾನೇ ಗೇಟಿಗೆ ಬಂದೆ, ಜಗಳಕ್ಕೆ ಅಂತಲೇ.

"ಯಾಕ್ ಬರ್ತೀರಾ ಅಂಕಲ್? ನಂಗೆ ಪ್ರಾರ್ಥನೆ ಬರಲ್ಲ ಈಗ. ಬಾಯಿಗೇ ಬರಲ್ಲ."

"ಬರದಿದ್ರೆ ಬಿಡು. ಸುಮ್ನೆ ಬಂದು ಕೂತ್ಕೋ. ಬೇರೆಯೋರು ಮಾಡ್ತಾರಲ್ಲ, ಅದರ ನೆರಳಲ್ಲಿ ಕೂತಿರು. ನಿಂಗೆ ಬಂದಾಗ ಮಾಡುವಂತೆ."

ನನಗೆ ಅಳು ಬಂತು. "ಆವತ್ತು ಅವರಮ್ಮ ಕೇಳಿದಾಗ ನಂಗೆ ಗೊತ್ತಿತ್ತು ಅಂತ ನೀವ್ಯಾಕೆ ಹೇಳ್ಲಿಲ್ಲ?"

"ಅದು ನನ್ನ ಮಾತಲ್ಲ ಸೆಕ್ರೆಟರಿ, ನಿಂದು. ನಿನ್ನ ಮಾತನ್ನ ನಾನ್ಹೇಗೆ ಆಡ್ಲಿ?" ಅಂದರು. ಬೈಕಿನ ಹಿಂದಿನ ಸೀಟು ತಟ್ಟಿ, "ಆಡ್ತೀಯಾ ಅಂದ್ರೆ ಹತ್ತು. ಕರ್ಕೊಂಡ್ಹೋಗ್ತೀನಿ" ಅಂದರು.

ಅವತ್ತು ಅವರು ಆರಾಧನೆ ತಪ್ಪಿಸಿದರು. ಅವರ ಜೀವನದಲ್ಲಿ ಆರೋಗ್ಯವಾಗಿದ್ದೂ, ಡ್ಯೂಟಿ ಇಲ್ಲದೆಯೂ ತಪ್ಪಿಸಿದ ಭಾನುವಾರ ಅದೊಂದೇ ಇರಬೇಕು. ಅಜ್ಜಂಪುರದ ಹಾಸ್ಟೆಲಿನ ಗೇಟಿನ ಹೊರಗೆ ಬೈಕು ನಿಲ್ಲಿಸಿ, "ನಾನಿಲ್ಲೇ ಇರ್ತೀನಿ" ಅಂದರು. ನಾನೊಬ್ಬಳೇ ಅಡುಗೆಮನೆಗೆ ಹೋದೆ. ಕೃಪಾಳ ತಾಯಿ ದೊಡ್ಡ ಪಾತ್ರೆಯಲ್ಲಿ ಸಾರು ಕಲಕುತ್ತಿದ್ದರು.

"ಅಮ್ಮಾ, ಅವಳು ಬಿಟ್ಟಿದ್ದು ನಂಗೆ ಮೊದಲ ದಿನವೇ ಗೊತ್ತಿತ್ತು. ಆಣೆ ಮಾಡಿದ್ದೆ. ಹೇಳ್ಲಿಲ್ಲ."

ಅವರು ಕಲಕುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಅವಳು ಆಸ್ಪತ್ರೇಲೇ ಹೇಳಿದ್ಲು. ನೀನಾಗಿ ಬರ್ತೀಯಾ ಅಂತ ನೋಡ್ತಿದ್ದೆ" ಅಂದರು. ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ಕ್ಷಮಿಸಿದೆ ಅನ್ನುವ ಮಾತೂ ಬರಲಿಲ್ಲ. "ಮಕ್ಕಳು ಕೂತಾಯ್ತು. ಆ ಅನ್ನದ ಬುಟ್ಟಿ ಹಿಡ್ಕೋ" ಅಂದರು. ನಾನು ನೂರು ಮಕ್ಕಳಿಗೆ ಅನ್ನ ಬಡಿಸಿದೆ. ಕೊನೆಯಲ್ಲಿ ಒಂದು ತಟ್ಟೆಗೆ ಅನ್ನ ಸಾರು ಹಾಕಿ ನನ್ನ ಕೈಗೆ ಕೊಟ್ಟು, ಗೇಟಿನ ಕಡೆ ನೋಡಿ, "ಅವರಿಗೆ ಕೊಟ್ಟು ಬಾ. ಬಿಸಿಲಲ್ಲಿ ನಿಂತಿದಾರೆ" ಅಂದರು.

ಮರುವಾರದಿಂದ ನಾನು ಚರ್ಚಿಗೆ ಹೋದೆ. ಸುಮ್ಮನೆ ಕೂತೆ. ಪ್ರಾರ್ಥನೆ ಬಾಯಿಗೆ ಬಂದದ್ದು ಎಷ್ಟೋ ತಿಂಗಳಾದ ಮೇಲೆ, ಅದೂ ಬಸ್ಸಿನಲ್ಲಿ ಕೂತಿದ್ದಾಗ, ಸದ್ದಿಲ್ಲದೆ. ಎರಡು ವರ್ಷದ ಮೇಲೆ ಹುಡುಗರೇ ಹೋಗಿ ಕಮಿಟಿಯ ಮುಂದೆ ಕೂತು ಅಂಕಲ್‌ನನ್ನು ಮತ್ತೆ ಕೂಟಕ್ಕೆ ಕೇಳಿ ಪಡೆದರು. ನಿವೃತ್ತರಾಗುವವರೆಗೂ, ಆಮೇಲೂ ಅವರೇ ನಡೆಸಿದರು. ಮೊದಲಿನ ಬಿರುಸು ಮತ್ತೆ ಬರಲಿಲ್ಲ. ಏನನ್ನಾದರೂ ಖಡಾಖಂಡಿತವಾಗಿ ಹೇಳಿದ ಮೇಲೆ ಒಂದು ಗಳಿಗೆ ನಿಂತು, "ಪೂರ್ತಿ ಹೇಳಿದ್ನಾ?" ಅಂತ ನಮ್ಮನ್ನೇ ಕೇಳುವ ಅಭ್ಯಾಸ ಬಂದಿತ್ತು.

ಹೋದ ತಿಂಗಳು ಮಣ್ಣಿಗಿಡುವಾಗ ಕೃಪಾ ಬಂದಿದ್ದಳು. ಈಗ ಹಾಸನದಲ್ಲಿ ಕೆಲಸ, ಮದುವೆಯಾಗಿದೆ, ಒಂದು ಮಗು. ಇಷ್ಟು ವರ್ಷದಲ್ಲಿ ನಾವು ಆ ಬುಧವಾರದ ಮಾತೆತ್ತಿರಲಿಲ್ಲ. ಅವಳನ್ನು ಕಳಿಸಲು ತರೀಕೆರೆ ಸ್ಟೇಷನ್ನಿಗೆ ಹೋದೆ. ಮಧ್ಯಾಹ್ನದ ಗಾಡಿ ತಡವಿತ್ತು. ಅವಳು ಬ್ಯಾಗಿನಿಂದ ಇನ್ಸುಲಿನ್ ತೆಗೆದು, ಸೀರೆ ಸರಿಸಿ, ಹೊಟ್ಟೆಗೆ ಚುಚ್ಚಿಕೊಂಡಳು. ಊಟದ ಡಬ್ಬಿ ಬಿಚ್ಚಿ, ಕಣ್ಣು ಮುಚ್ಚಿ ಒಂದು ಕ್ಷಣ ಪ್ರಾರ್ಥನೆ ಮಾಡಿದಳು.

"ಆವತ್ತು ಅಮ್ಮನ ಮಾತೆತ್ತಿದ್ರಲ್ಲ ಅಂಕಲ್, ಅದಕ್ಕೇ ನೀನು ಒಪ್ಪಿದೆ ಅಂತ ನಾನು ಎಲ್ಲರಿಗೂ ಹೇಳ್ತಾ ಬಂದಿದೀನಿ" ಅಂದೆ.

ಅವಳು ತಲೆಯಾಡಿಸಿದಳು. "ಅಲ್ಲ ಕಣೇ. ಅವರು ಹೇಳಿದ್ದು ಅರ್ಧಕ್ಕರ್ಧ ನಂಗೆ ಕೇಳಿಸ್ತಾನೇ ಇರ್ಲಿಲ್ಲ. ಕಿವಿಯೆಲ್ಲ ಗುಂಯ್ ಅಂತಿತ್ತು. ನನ್ನ ಮಣಿಕಟ್ಟು ಹಿಡ್ಕೊಂಡಿದ್ರು. ನೀನು ಹಿಂದೆ ನಿಂತಿದ್ದೆ, ನಿಂಗೆ ಕಂಡಿರಲ್ಲ. ಅವರ ಕೈ ನಡುಗ್ತಾ ಇತ್ತು. ಚಳಿಜ್ವರ ಬಂದೋರ ಹಾಗೆ ನಡುಗ್ತಾ ಇತ್ತು. ದಿನಾ ಕಂಬ ಹತ್ತಿ ಕರೆಂಟಿನ ತಂತಿ ಹಿಡಿಯೋ ಕೈ ಅದು. ನಾನು ಸತ್ತುಹೋಗ್ತೀನೇನೋ ಅಂತ ಆ ಕೈ ಅಷ್ಟು ನಡುಗ್ತಿದ್ರೆ, ಇನ್ನು ಕರ್ತನಿಗೆ ಹೇಗಾಗ್ತಿರಬೇಕು ಅನ್ನಿಸ್ತು. ಅದಕ್ಕೇ ಹೂಂ ಅಂದೆ."